ಟ್ರೈಸೈಕ್ಲಿಕ್ ಖಿನ್ನತೆ ನಿವಾರಕ ಮಾತ್ರೆಗಳ ಬಳಕೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ರಕ್ತದೊತ್ತಡಕ್ಕೆ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುವವರು ಆ ವಿಷಯವನ್ನು ನೆರೆಹೊರೆಯವರಿಂದ ಮುಚ್ಚಿಡುವುದಿಲ್ಲ. ಖಿನ್ನತೆಗೆ ಮಾತ್ರೆ ಸೇವಿಸುವವರಾದರೋ ಅದನ್ನು ಅಕ್ಕಿ ಡಬ್ಬಿಯ ಹಿಂದೆಯೋ ಬಟ್ಟೆಗಳ ಅಡಿಯಲ್ಲಿಯೋ ಬಚ್ಚಿಡುತ್ತಾರೆ. ಹೀಗೆ ಬಚ್ಚಿಟ್ಟ ಮಾತ್ರೆಯನ್ನು ಕೆಲವು ದಿನ ಮರೆಯಲಾಗುತ್ತದೆ, ಕೆಲವೊಮ್ಮೆ ಯಾರದೋ ಮಾತು ಕೇಳಿ ನಿಲ್ಲಿಸಲಾಗುತ್ತದೆ. ಮನೆಯಲ್ಲಿ ಯಾರ ಗಮನಕ್ಕೂ ಬಾರದೆ ಮಾತ್ರೆಗಳ ಪಟ್ಟಿಗಳು ಸೇರುತ್ತಾ ಹೋಗುವುದೂ ಉಂಟು. ಟ್ರೈಸೈಕ್ಲಿಕ್ ಎಂಬ ವರ್ಗಕ್ಕೆ ಸೇರಿದ ಖಿನ್ನತೆ ನಿವಾರಕಗಳ ವಿಷಯದಲ್ಲಿ ಈ ಎಲ್ಲವೂ ಗಂಭೀರ ಸಂಗತಿಗಳು. ಈ ಮಾತ್ರೆಗಳು ಕಡಿಮೆ ಬೆಲೆಯವು, ಪರಿಣಾಮಕಾರಿಯಾದವು. ಆದರೆ ಸರಿಯಾಗಿ ಬಳಸದಿದ್ದಲ್ಲಿ ಅಪಾಯಕಾರಿ. ವೈದ್ಯರು ತಿಂಗಳಿಗೊಮ್ಮೆ ರೋಗಿಯನ್ನು ನೋಡುತ್ತಾರೆ; ಉಳಿದ ದಿನಗಳಲ್ಲಿ ಮಾತ್ರೆಯ ಬಳಕೆ ನಡೆಯುವುದು ಮನೆಯಲ್ಲಿ ಮತ್ತು ಊರಿನಲ್ಲಿ. ಆದ್ದರಿಂದಲೇ ಈ ವಿಷಯವು ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗೂ ಬರಬೇಕಾಗಿದೆ.

ಮಾತ್ರೆಯ ಹಿನ್ನೆಲೆ

ಈ ವರ್ಗದ ಮೊದಲ ಔಷಧ ಇಮಿಪ್ರಮೈನ್. ಬೇರೊಂದು ಮಾನಸಿಕ ಕಾಯಿಲೆಗೆ ಪ್ರಯೋಗಿಸಲಾಗುತ್ತಿದ್ದ ಈ ಔಷಧವು ಖಿನ್ನತೆಯನ್ನು ಕಡಿಮೆ ಮಾಡುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲ್ಯಾಂಡ್ ಕುನ್ ಗಮನಿಸಿ 1957ರಲ್ಲಿ ಪ್ರಕಟಿಸಿದರು. 1960ರ ದಶಕದ ಆರಂಭದಲ್ಲಿ ಅಮಿಟ್ರಿಪ್ಟಿಲೀನ್ ಬಳಕೆಗೆ ಬಂದಿತು. ಈ ಔಷಧಗಳ ರಾಸಾಯನಿಕ ರಚನೆಯಲ್ಲಿ ಒಂದಕ್ಕೊಂದು ಹೊಂದಿಕೊಂಡ ಮೂರು ಉಂಗುರಗಳಿರುವುದರಿಂದ ಇವುಗಳಿಗೆ ಟ್ರೈಸೈಕ್ಲಿಕ್ ಎಂಬ ಹೆಸರು ಬಂದಿದೆ. ಕ್ಲೋಮಿಪ್ರಮೈನ್, ನಾರ್‌ಟ್ರಿಪ್ಟಿಲೀನ್, ಡಾಕ್ಸೆಪಿನ್ ಮುಂತಾದವೂ ಇದೇ ವರ್ಗಕ್ಕೆ ಸೇರಿದವು. ಅಮಿಟ್ರಿಪ್ಟಿಲೀನ್ ನಮ್ಮ ದೇಶದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿಯೂ ಇದೆ.

ಗ್ರಾಮೀಣ ಪ್ರದೇಶಕ್ಕೆ ಇಂತಹ ಮಾತ್ರೆಗಳನ್ನು ತಲುಪಿಸುವ ಕಾರ್ಯದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮರುವರ್ಷವೇ ಸಮುದಾಯ ಮನೋವೈದ್ಯಕೀಯ ಘಟಕವನ್ನು ಆರಂಭಿಸಿ, ಬೆಂಗಳೂರು ಸಮೀಪದ ಸಕಲವಾರ ಗ್ರಾಮದ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ಚಿಕಿತ್ಸೆಯಲ್ಲಿ ತರಬೇತಿ ನೀಡುವ ವಿಧಾನವನ್ನು ರೂಪಿಸಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಈ ವಿಧಾನವನ್ನು ಜಿಲ್ಲಾ ಮಟ್ಟದಲ್ಲಿ ಜಾರಿಗೊಳಿಸಲಾಯಿತು. ಆಯ್ದ ಕೆಲವೇ ಔಷಧಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒದಗಿಸಿ, ಅಲ್ಲಿನ ವೈದ್ಯರೇ ಚಿಕಿತ್ಸೆ ನೀಡುವಂತೆ ಮಾಡಿದ ಆ ಯೋಜನೆಯಲ್ಲಿ ಅಮಿಟ್ರಿಪ್ಟಿಲೀನ್ ಸಹ ಸೇರಿತ್ತು. ಬಳ್ಳಾರಿ ಮಾದರಿಯನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇಂದು ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಇರುವುದು ಈ ಕಾರ್ಯಕ್ರಮವೇ.

ಔಷಧವು ಹಳ್ಳಿಯ ಸಮೀಪಕ್ಕೆ ಬಂದಿದ್ದರೂ ಅದನ್ನು ಪಡೆಯುವವರ ಸಂಖ್ಯೆ ಕಡಿಮೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ 20 ಮಂದಿಗೆ ಒಬ್ಬರು ಜೀವಿತದ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಖಿನ್ನತೆಯಿರುವ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಯಾರಿಗೆ, ಯಾವ ಕಾರಣಕ್ಕೆ ನೀಡಲಾಗುತ್ತದೆ

ಎರಡು ವಾರಗಳಿಗೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ನಿದ್ರೆ ಮತ್ತು ಹಸಿವು ಕೆಡುವುದು, ಕಾರಣವಿಲ್ಲದ ಆಯಾಸ, ತಾನು ಯಾವುದಕ್ಕೂ ಬಾರದವನು ಎಂಬ ಭಾವನೆ, ಸಾವಿನ ಯೋಚನೆ ಇವು ಖಿನ್ನತೆಯ ಲಕ್ಷಣಗಳು. ಹಳ್ಳಿಗಳಲ್ಲಿ ಅನೇಕರು ಇದನ್ನು ಮನಸ್ಸಿನ ಬೇನೆಯೆಂದು ಹೇಳಿಕೊಳ್ಳುವುದಿಲ್ಲ. ಮೈಕೈ ನೋವು, ತಲೆಭಾರ, ಎದೆ ಉರಿ, ಸುಸ್ತು ಎಂದೇ ವೈದ್ಯರ ಬಳಿಗೆ ಬರುತ್ತಾರೆ. ಮಿದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ಕೆಲಸ ಮಾಡುವಂತೆ ನೋಡಿಕೊಳ್ಳುವುದು ಟ್ರೈಸೈಕ್ಲಿಕ್ ಮಾತ್ರೆಗಳ ಕಾರ್ಯ.

ಇಂದು ಖಿನ್ನತೆಗೆ ವೈದ್ಯರು ಸಾಮಾನ್ಯವಾಗಿ ಮೊದಲು ಆರಿಸಿಕೊಳ್ಳುವುದು ಫ್ಲುಯಾಕ್ಸೆಟಿನ್, ಎಸ್ಸಿಟಾಲೋಪ್ರಾಮ್ ಮುಂತಾದ ಹೊಸ ವರ್ಗದ ಮಾತ್ರೆಗಳನ್ನು. ಅವುಗಳ ಅಡ್ಡ ಪರಿಣಾಮಗಳು ಕಡಿಮೆ, ಪ್ರಮಾಣ ಮೀರಿದಾಗ ಆಗುವ ಅಪಾಯವೂ ಕಡಿಮೆ. ಆ ಮಾತ್ರೆಗಳು ಹೊಂದದಿದ್ದಾಗ, ಅಥವಾ ಖಿನ್ನತೆಯ ಜೊತೆಗೆ ನಿದ್ರಾಹೀನತೆ ಮತ್ತು ನೋವು ಹೆಚ್ಚಾಗಿದ್ದಾಗ ಟ್ರೈಸೈಕ್ಲಿಕ್‌ಗಳನ್ನು ನೀಡಲಾಗುತ್ತದೆ.

ಇದಲ್ಲದೆ, ಖಿನ್ನತೆಯೇ ಇಲ್ಲದವರಿಗೂ ಈ ಮಾತ್ರೆಗಳನ್ನು ಬರೆಯಲಾಗುತ್ತದೆ ಎಂಬುದನ್ನು ಸದಸ್ಯರು ಗಮನಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದಗಳಲ್ಲಿ ಉರಿ ಮತ್ತು ಜೋಮು ಇರುವವರಿಗೆ, ಪದೇ ಪದೇ ಅರೆತಲೆನೋವು ಬರುವವರಿಗೆ 10 ಅಥವಾ 25 ಮಿ.ಗ್ರಾಂ. ಪ್ರಮಾಣದ ಅಮಿಟ್ರಿಪ್ಟಿಲೀನ್ ರಾತ್ರಿ ವೇಳೆ ನೀಡುವುದು ರೂಢಿ. ಹಾಸಿಗೆಯಲ್ಲಿ ಮೂತ್ರ ವಿಸರ್ಜಿಸುವ ಮಕ್ಕಳಿಗೆ ವೈದ್ಯರ ನಿಗಾದಲ್ಲಿ ಇಮಿಪ್ರಮೈನ್ ನೀಡುವುದೂ ಉಂಟು. ಪಾದದ ಉರಿಗೆ ಮಾತ್ರೆ ಪಡೆದ ವೃದ್ಧರಿಗೆ "ಇದು ತಲೆ ಕೆಟ್ಟವರ ಮಾತ್ರೆ" ಎಂದು ಯಾರೋ ಹೇಳಿ, ಅವರು ಅದನ್ನು ಬಿಸಾಡಿದರೆ ನಷ್ಟ ಅವರದೇ. ಯಾವ ಕಾರಣಕ್ಕೆ ಬರೆದಿದ್ದಾರೆ ಎಂಬುದನ್ನು ಬರೆದ ವೈದ್ಯರನ್ನೇ ಕೇಳುವುದು ಸರಿಯಾದ ಕ್ರಮ.

ಮೊದಲ ಮೂರು ನಾಲ್ಕು ವಾರಗಳು

ಜ್ವರದ ಮಾತ್ರೆಯಂತೆ ಇದು ಕೂಡಲೇ ಗುಣ ತೋರಿಸುವುದಿಲ್ಲ. ಅಡ್ಡ ಪರಿಣಾಮಗಳು ಮೊದಲ ದಿನದಿಂದಲೇ ಆರಂಭವಾಗುತ್ತವೆ. ಮನಸ್ಸಿನ ಭಾರ ಇಳಿಯಲು 2ರಿಂದ 4 ವಾರ, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಬೇಕಾಗುತ್ತದೆ. ಬಾಯಿ ಒಣಗುತ್ತದೆ, ಹಗಲಿನಲ್ಲಿ ತೂಕಡಿಕೆ ಬರುತ್ತದೆ, ಮಲಬದ್ಧತೆ ಆಗುತ್ತದೆ, ಆದರೆ ದುಃಖ ಮಾತ್ರ ಹಾಗೆಯೇ ಇರುತ್ತದೆ. ಈ ಹಂತದಲ್ಲಿ ರೋಗಿಯೂ ಮನೆಯವರೂ "ಮಾತ್ರೆಯಿಂದಲೇ ಕಾಯಿಲೆ ಹೆಚ್ಚಾಯಿತು" ಎಂಬ ತೀರ್ಮಾನಕ್ಕೆ ಬಂದು ನಿಲ್ಲಿಸುವುದು ಸಾಮಾನ್ಯ. ಮಾತ್ರೆ ಕೆಲಸ ಮಾಡಲು ಆರಂಭಿಸುವ ಹೊತ್ತಿಗೆ ಅದು ನಿಂತುಹೋಗಿರುತ್ತದೆ. "ಇನ್ನು ಕೆಲವು ವಾರ ತಡೆಯಿರಿ, ತೊಂದರೆಯನ್ನು ವೈದ್ಯರಿಗೆ ತಿಳಿಸಿ" ಎಂದು ಈ ಅವಧಿಯಲ್ಲಿ ಹೇಳುವವರೊಬ್ಬರು ಇದ್ದರೆ ಚಿಕಿತ್ಸೆ ಉಳಿಯುತ್ತದೆ. ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿ ಈ ವಾರಗಳಲ್ಲಿ ಮನೆ ಭೇಟಿ ಮಾಡುವುದು ಆದ್ದರಿಂದ ಬಹಳ ಮುಖ್ಯ.

ಇದೇ ಅವಧಿಯಲ್ಲಿ, ವಿಶೇಷವಾಗಿ 25 ವರ್ಷದೊಳಗಿನವರಲ್ಲಿ, ಚಡಪಡಿಕೆ ಅಥವಾ ಸಾಯುವ ಯೋಚನೆ ಹೆಚ್ಚಾಗುತ್ತಿದೆಯೇ ಎಂಬುದನ್ನು ಮನೆಯವರು ಗಮನಿಸಬೇಕು. ಹಾಗೆ ಕಂಡುಬಂದಲ್ಲಿ ಮುಂದಿನ ದಿನಾಂಕದವರೆಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ಅಡ್ಡ ಪರಿಣಾಮಗಳು ಮತ್ತು ದಿನನಿತ್ಯದ ದುಡಿಮೆ

ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸುವುದು ಅಡ್ಡ ಪರಿಣಾಮಗಳನ್ನು ತಗ್ಗಿಸುವ ಸಲುವಾಗಿ. ಬಾಯಿ ಒಣಗಿದಾಗ ಆಗಾಗ್ಗೆ ನೀರು ಗುಟುಕರಿಸುವುದು, ಮಲಬದ್ಧತೆಗೆ ರಾಗಿ, ಸೊಪ್ಪು, ತರಕಾರಿ ಮತ್ತು ಸಾಕಷ್ಟು ನೀರು ಸೇವಿಸುವುದು ಉಪಯುಕ್ತ. ಹಾಸಿಗೆಯಿಂದ ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆಸುತ್ತು ಬರಬಹುದು. ಆದ್ದರಿಂದ ಸ್ವಲ್ಪ ಹೊತ್ತು ಕುಳಿತು ನಂತರ ಏಳಬೇಕು. ರಾತ್ರಿ ವೇಳೆ ಶೌಚಾಲಯಕ್ಕೆ ಹೋಗುವ ವೃದ್ಧರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಸಂಭವವಿರುವುದರಿಂದ ಅವರ ಹಾದಿಯಲ್ಲಿ ದೀಪವಿರುವುದು ಒಳ್ಳೆಯದು. ಕೆಲವರಿಗೆ ಕಣ್ಣು ಮಂಜಾಗುತ್ತದೆ, ತೂಕ ಹೆಚ್ಚುತ್ತದೆ, ಬೆವರುವುದು ಕಡಿಮೆಯಾಗುತ್ತದೆ. ಬೆವರು ಕಡಿಮೆಯಾದವರು ಬೇಸಿಗೆಯಲ್ಲಿ ತೋಟದ ಬಿಸಿಲಿನಲ್ಲಿ ದೀರ್ಘಕಾಲ ದುಡಿಯಬಾರದು.

ಈ ಜಿಲ್ಲೆಯ ದುಡಿಮೆಯ ಸ್ವರೂಪವನ್ನು ಗಮನಿಸಿದರೆ ತೂಕಡಿಕೆಯ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ರಾತ್ರಿ ಪಾಳಿ ಮಾಡುವವರು, ನೆಲಮಂಗಲ ಮತ್ತು ದಾಬಸ್‌ಪೇಟೆಯ ಕಾರ್ಖಾನೆ ಹಾಗೂ ಗೋದಾಮುಗಳಲ್ಲಿ ಯಂತ್ರಗಳ ಬಳಿ ದುಡಿಯುವವರು, ಹೊಸಕೋಟೆಯ ಹೆದ್ದಾರಿಯಲ್ಲಿ ಲಾರಿ ಓಡಿಸುವವರು, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ನಡೆಸುವವರು ತಮ್ಮ ಕೆಲಸದ ವೇಳೆಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆಯನ್ನು ಮಲಗುವ ವೇಳೆಗೆ ತೆಗೆದುಕೊಳ್ಳಬೇಕೆಂದು ಚೀಟಿಯಲ್ಲಿ "ರಾತ್ರಿ" ಎಂದು ಬರೆದಿರುತ್ತಾರೆ. ರಾತ್ರಿಯೇ ಎಚ್ಚರವಿದ್ದು ದುಡಿಯುವವರು ಅದನ್ನು ಹಾಗೆಯೇ ಪಾಲಿಸಿದರೆ ಮಗ್ಗದ ಮುಂದೆ ಅಥವಾ ಸ್ಟಿಯರಿಂಗ್ ಹಿಡಿದಾಗ ನಿದ್ರೆ ಬರುತ್ತದೆ. ಆರಂಭದ ದಿನಗಳಲ್ಲಿ ಮತ್ತು ಪ್ರಮಾಣ ಹೆಚ್ಚಿಸಿದಾಗ ತೂಕಡಿಕೆ ಹೋಗುವವರೆಗೆ ವಾಹನ ಚಲಾಯಿಸಬಾರದು. ಮದ್ಯವು ತೂಕಡಿಕೆಯನ್ನೂ ಅಪಾಯವನ್ನೂ ಹೆಚ್ಚಿಸುವುದರಿಂದ ಈ ಮಾತ್ರೆ ಸೇವಿಸುವವರು ಮದ್ಯಪಾನ ಮಾಡಬಾರದು.

ವಿಶೇಷ ಎಚ್ಚರಿಕೆ ಬೇಕಾದವರು

ಕೆಳಕಂಡವರು ತಮ್ಮ ಸ್ಥಿತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು:

1. ಇತ್ತೀಚೆಗೆ ಹೃದಯಾಘಾತವಾದವರು, ಹೃದಯ ಬಡಿತದಲ್ಲಿ ಏರುಪೇರು ಇರುವವರು. ಇಂತಹವರಿಗೂ ಹಿರಿಯ ವಯಸ್ಸಿನವರಿಗೂ ಮಾತ್ರೆ ಆರಂಭಿಸುವ ಮುನ್ನ ವೈದ್ಯರು ಇಸಿಜಿ ಮಾಡಿಸುತ್ತಾರೆ.
2. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರ ಕಟ್ಟುವ ತೊಂದರೆ ಇರುವವರು.
3. ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾ ಇರುವವರು.
4. ಮೂರ್ಛೆ ರೋಗ ಇರುವವರು.
5. ಹಿಂದೆ ಅತಿಯಾದ ಉತ್ಸಾಹ, ನಿದ್ರೆಯೇ ಬೇಡವೆನಿಸುವಿಕೆ, ಮಿತಿಮೀರಿದ ಮಾತು ಮತ್ತು ಖರ್ಚು ಕಂಡುಬಂದಿದ್ದವರು. ಇವರಲ್ಲಿ ಮಾತ್ರೆಯು ಅದೇ ಸ್ಥಿತಿಯನ್ನು ಮತ್ತೆ ಕೆರಳಿಸಬಹುದು.
6. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು. ಇವರು ತಾವಾಗಿಯೇ ಮಾತ್ರೆ ನಿಲ್ಲಿಸದೆ ವೈದ್ಯರ ಸಲಹೆ ಪಡೆಯಬೇಕು.

ಟ್ರಮಡಾಲ್‌ನಂತಹ ನೋವಿನ ಮಾತ್ರೆ, ನೆಗಡಿಗೆ ಕೊಡುವ ತೂಕಡಿಕೆ ತರಿಸುವ ಮಾತ್ರೆ, ಬೇರೆ ಖಿನ್ನತೆ ನಿವಾರಕಗಳು ಇವುಗಳೊಡನೆ ಟ್ರೈಸೈಕ್ಲಿಕ್ ಸೇರಿದರೆ ತೊಂದರೆಯಾಗಬಹುದು. ಬೇರೆ ಕಾಯಿಲೆಗೆ ಯಾವ ವೈದ್ಯರ ಬಳಿಗೆ ಹೋದರೂ ಸೇವಿಸುತ್ತಿರುವ ಮಾತ್ರೆಯ ಪಟ್ಟಿಯನ್ನು ಜೊತೆಯಲ್ಲಿ ಒಯ್ದು ತೋರಿಸಬೇಕು. ಕಂಪನಿಯ ಹೆಸರು ಬೇರೆ ಬೇರೆಯಾಗಿದ್ದರೂ ಪಟ್ಟಿಯ ಮೇಲೆ ಔಷಧದ ಮೂಲ ಹೆಸರು ಮುದ್ರಿತವಾಗಿರುತ್ತದೆ. ವೈದ್ಯರ ಚೀಟಿಯಿಲ್ಲದೆ ಇವುಗಳನ್ನು ಮಾರಾಟ ಮಾಡುವಂತಿಲ್ಲ. ಒಬ್ಬರಿಗೆ ಬರೆದದ್ದನ್ನು "ನಿದ್ರೆ ಬರುತ್ತದೆ" ಎಂದು ಮತ್ತೊಬ್ಬರಿಗೆ ಹಂಚುವುದೂ ಸಲ್ಲದು.

ಗುಣವಾದ ಮೇಲೆ ನಿಲ್ಲಿಸುವ ಕ್ರಮ

ಮನಸ್ಸು ಹಗುರವಾದ ಕೂಡಲೇ ಮಾತ್ರೆ ನಿಲ್ಲಿಸಿದರೆ ಖಿನ್ನತೆ ಮರುಕಳಿಸುವ ಸಾಧ್ಯತೆ ಹೆಚ್ಚು. ಲಕ್ಷಣಗಳು ಹೋದ ಮೇಲೆಯೂ ಕನಿಷ್ಠ 6 ತಿಂಗಳು, ಸಾಮಾನ್ಯವಾಗಿ 9ರಿಂದ 12 ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ಹಲವು ಸಲ ಮರುಕಳಿಸಿದವರಿಗೆ ಇನ್ನೂ ದೀರ್ಘಕಾಲ ಬೇಕಾಗಬಹುದು. ನಿಲ್ಲಿಸುವಾಗಲೂ ವೈದ್ಯರ ಸೂಚನೆಯಂತೆ ಹಲವು ವಾರಗಳಲ್ಲಿ ಪ್ರಮಾಣವನ್ನು ತಗ್ಗಿಸುತ್ತಾ ಬರಬೇಕು. ಒಮ್ಮೆಲೇ ಬಿಟ್ಟರೆ ವಾಕರಿಕೆ, ತಲೆನೋವು, ಬೆವರು, ನಿದ್ರಾಭಂಗ, ಚಡಪಡಿಕೆ ಕಾಣಿಸಿಕೊಳ್ಳುತ್ತವೆ. ಇದನ್ನು ಕಂಡವರು ಮಾತ್ರೆ "ಚಟವಾಗಿದೆ" ಎನ್ನುತ್ತಾರೆ. ಅದು ಸರಿಯಲ್ಲ. ಮದ್ಯದಂತೆ ಇದು ಹಂಬಲ ಹುಟ್ಟಿಸುವುದಿಲ್ಲ, ದಿನದಿಂದ ದಿನಕ್ಕೆ ಹೆಚ್ಚು ಬೇಕೆನಿಸುವುದೂ ಇಲ್ಲ. ಹೊಂದಿಕೊಂಡಿದ್ದ ದೇಹಕ್ಕೆ ಮರಳಿ ಹೊಂದಿಕೊಳ್ಳಲು ಕಾಲಾವಕಾಶ ಬೇಕು, ಅಷ್ಟೆ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ತೆಗೆದುಕೊಳ್ಳಬಾರದು.

ಮನೆಯಲ್ಲಿ ಸುರಕ್ಷಿತವಾಗಿ ಇಡುವುದು

ಈ ಲೇಖನದ ಎಲ್ಲ ಅಂಶಗಳಲ್ಲಿ ಅತಿ ಮುಖ್ಯವಾದದ್ದು ಇದು. ಟ್ರೈಸೈಕ್ಲಿಕ್ ಮಾತ್ರೆಗಳಲ್ಲಿ ಗುಣ ನೀಡುವ ಪ್ರಮಾಣಕ್ಕೂ ಹಾನಿ ಮಾಡುವ ಪ್ರಮಾಣಕ್ಕೂ ಇರುವ ಅಂತರ ಹೆಚ್ಚಿಲ್ಲ. ಮಿತಿಮೀರಿ ಸೇವಿಸಿದರೆ ಹೃದಯದ ಬಡಿತ ಕೆಡುತ್ತದೆ, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಿ ಜೀವಕ್ಕೇ ಅಪಾಯ ಒದಗಬಹುದು. ಬಣ್ಣದ ಮಿಠಾಯಿಯೆಂದು ಭಾವಿಸಿ ಚಿಕ್ಕ ಮಗು ಒಂದೆರಡು ಮಾತ್ರೆ ನುಂಗಿದರೂ ಅಪಾಯವೇ. ಸಾವಿನ ಯೋಚನೆ ಬರುವಂತಹ ಕಾಯಿಲೆಗೆ ನೀಡುವ ಔಷಧವೇ ಹೀಗಿರುವುದರಿಂದ ಮಾತ್ರೆಯನ್ನು ರೋಗಿಯ ಕೈಯಲ್ಲಿ ಬಿಡದೆ ಮನೆಯ ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಬೀಗವಿರುವ ಪೆಟ್ಟಿಗೆಯಲ್ಲಿಟ್ಟು ಪ್ರತಿದಿನದ ಮಾತ್ರೆಯನ್ನು ಮಾತ್ರ ಕೊಡಬೇಕು. ಒಮ್ಮೆಗೆ ಕಡಿಮೆ ದಿನಗಳ ಮಾತ್ರೆಯನ್ನು ಮಾತ್ರ ನೀಡುವಂತೆ ವೈದ್ಯರನ್ನು ಕೋರಬಹುದು. ನಿಲ್ಲಿಸಿದ ನಂತರ ಉಳಿದ ಮಾತ್ರೆಗಳನ್ನು ಮನೆಯಲ್ಲಿಟ್ಟುಕೊಳ್ಳದೆ ವಿಲೇವಾರಿಗೆ ಆರೋಗ್ಯ ಕೇಂದ್ರದ ಸಲಹೆ ಪಡೆಯಬೇಕು. ಕೀಟನಾಶಕಗಳನ್ನು ಮನೆಯಿಂದ ದೂರ ಬೀಗ ಹಾಕಿ ಇಡಬೇಕೆಂಬ ತಿಳಿವಳಿಕೆ ರೈತ ಕುಟುಂಬಗಳಲ್ಲಿ ಈಗಾಗಲೇ ಇದೆ. ಅದೇ ಎಚ್ಚರಿಕೆ ಈ ಮಾತ್ರೆಗಳಿಗೂ ಸಲ್ಲಬೇಕು.

ಯಾರಾದರೂ ಮಿತಿಮೀರಿ ಸೇವಿಸಿದ್ದು ತಿಳಿದರೆ ಅಥವಾ ಶಂಕೆ ಬಂದರೂ ಸಾಕು, ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಉಪ್ಪು ನೀರು ಅಥವಾ ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವುದು ತಪ್ಪು. ಅರೆಪ್ರಜ್ಞೆಯಲ್ಲಿರುವವರಿಗೆ ವಾಂತಿ ಶ್ವಾಸಕೋಶಕ್ಕೆ ಇಳಿದು ಮತ್ತಷ್ಟು ಹಾನಿಯಾಗುತ್ತದೆ. ವ್ಯಕ್ತಿ ಮಾತನಾಡುತ್ತಾ ಚೆನ್ನಾಗಿಯೇ ಕಂಡರೂ ಕಾಯುತ್ತಾ ಕೂರಬಾರದು. ಕೆಲವೇ ಗಂಟೆಗಳಲ್ಲಿ ಸ್ಥಿತಿ ಬಿಗಡಾಯಿಸಬಹುದು. ಖಾಲಿಯಾದ ಪಟ್ಟಿಯನ್ನು ಜೊತೆಯಲ್ಲಿ ಒಯ್ದರೆ ವೈದ್ಯರಿಗೆ ಅನುಕೂಲ. ಸಕಾಲದಲ್ಲಿ ಆಸ್ಪತ್ರೆ ತಲುಪಿದವರಿಗೆ ಪರಿಣಾಮಕಾರಿ ಚಿಕಿತ್ಸೆ ಇದೆ.

ಪೊಲೀಸ್ ಪ್ರಕರಣದ ಭಯದಿಂದ ಕುಟುಂಬಗಳು ಆಸ್ಪತ್ರೆಗೆ ಹೋಗಲು ತಡಮಾಡಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಪ್ರಕರಣದ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು. ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಸರ್ಕಾರ ನಡೆಸುವ ಅಥವಾ ಅನುದಾನ ನೀಡುವ ಸೇವೆಗಳಲ್ಲಿ ಮಾನಸಿಕ ಆರೋಗ್ಯ ಆರೈಕೆ ಪಡೆಯುವುದು ಇದೇ ಕಾಯ್ದೆಯ 18ನೇ ಪ್ರಕರಣದಂತೆ ಪ್ರತಿಯೊಬ್ಬರ ಹಕ್ಕು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಮಾನಸಿಕ ಆರೋಗ್ಯವನ್ನು ಒಂದು ವಿಷಯವಾಗಿ ಸೇರಿಸುವುದು. ಸಭೆಯಲ್ಲಿ ಯಾವುದೇ ರೋಗಿಯ ಹೆಸರನ್ನು ಪ್ರಸ್ತಾಪಿಸಬಾರದು. ಗೋಪ್ಯತೆಯೂ ಕಾಯ್ದೆ ನೀಡಿರುವ ಹಕ್ಕು.
2. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಖಿನ್ನತೆಯ ಮಾತ್ರೆಗಳ ದಾಸ್ತಾನು ಇದೆಯೇ ಎಂಬುದನ್ನು ವೈದ್ಯಾಧಿಕಾರಿಗಳಿಂದ ತಿಳಿದು, ಇಲ್ಲದಿದ್ದಲ್ಲಿ ಆರೋಗ್ಯ ರಕ್ಷಾ ಸಮಿತಿಯ ಗಮನಕ್ಕೆ ತರುವುದು. ಮಾತ್ರೆ ಮುಗಿದು ಎರಡು ವಾರ ಸಿಗದಿದ್ದರೆ ರೋಗಿಯು ಒಮ್ಮೆಲೇ ನಿಲ್ಲಿಸಿದಂತೆಯೇ ಆಗುತ್ತದೆ.
3. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರ ಸೇವೆ ದೊರೆಯುತ್ತದೆ. ಮಂಗಳವಾರದ ಈ ಸೇವೆಯ ದಿನಾಂಕ ಮತ್ತು ವೇಳೆಯನ್ನು ಆಸ್ಪತ್ರೆಯಿಂದ ಖಚಿತಪಡಿಸಿಕೊಂಡು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು.
4. ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಅಂಗನವಾಡಿ, ಶಾಲೆ, ಹಾಲು ಉತ್ಪಾದಕರ ಸಹಕಾರ ಸಂಘ ಮತ್ತು ನ್ಯಾಯಬೆಲೆ ಅಂಗಡಿಗಳಲ್ಲಿ ಬರೆಸುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸಹಾಯವಾಣಿಯು ದಿನದ 24 ಗಂಟೆಯೂ ಉಚಿತವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು.
5. ಒಂಟಿಯಾಗಿ ಬಾಳುವ ವೃದ್ಧರು ಮತ್ತು ಬೇರೆ ಊರುಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸಿರುವ ಕಾರ್ಮಿಕರಿಗೆ ಮಾತ್ರೆ ಕಾಯ್ದುಕೊಡುವ ಬಂಧುಗಳು ಇರುವುದಿಲ್ಲ. ಅಂತಹವರ ಒಪ್ಪಿಗೆ ಪಡೆದು ಆಶಾ ಕಾರ್ಯಕರ್ತೆ ಅಥವಾ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಕೋರುವುದು.
6. ಮಾತ್ರೆಯ ಜೊತೆಗೆ ಸಾಲ, ಕುಡಿತ, ಕೌಟುಂಬಿಕ ದೌರ್ಜನ್ಯದಂತಹ ಕಾರಣಗಳಿದ್ದಲ್ಲಿ ಸಂಬಂಧಪಟ್ಟ ಇಲಾಖೆಗಳ ಸೌಲಭ್ಯ ದೊರಕಿಸಿಕೊಡುವುದು. ಇದು ವೈದ್ಯರಿಗಿಂತ ಸದಸ್ಯರಿಗೇ ಹೆಚ್ಚು ಸಾಧ್ಯವಾದ ಕಾರ್ಯ.

ಮಾತ್ರೆಯನ್ನು ಆರಿಸುವುದು, ಪ್ರಮಾಣ ನಿಗದಿಪಡಿಸುವುದು, ನಿಲ್ಲಿಸುವುದು ವೈದ್ಯರ ಹೊಣೆ. ಅದರಲ್ಲಿ ಸದಸ್ಯರು ಸಲಹೆ ನೀಡುವ ಅಗತ್ಯವಿಲ್ಲ. ಬರೆದುಕೊಟ್ಟ ಮಾತ್ರೆಯು ನಾಚಿಕೆಯಿಲ್ಲದೆ, ನಿಯಮಿತವಾಗಿ, ಸುರಕ್ಷಿತವಾಗಿ ಬಳಕೆಯಾಗುವಂತಹ ವಾತಾವರಣವನ್ನು ಊರಿನಲ್ಲಿ ಉಂಟುಮಾಡುವುದು ಮಾತ್ರ ಸದಸ್ಯರಿಂದ ಆಗಬೇಕಾದ ಕೆಲಸ. ಸಕ್ಕರೆ ಕಾಯಿಲೆಯವರನ್ನು "ಮಾತ್ರೆ ತಗೊಂಡಿರಾ?" ಎಂದು ವಿಚಾರಿಸುವಷ್ಟು ಸಹಜವಾಗಿ ಖಿನ್ನತೆಯವರನ್ನೂ ಅವರ ಮನೆಯವರು ವಿಚಾರಿಸುವಂತಾದರೆ, ಬಚ್ಚಿಟ್ಟ ಪಟ್ಟಿಗಳಿಂದ ಆಗುವ ಅನಾಹುತಗಳು ತಪ್ಪುತ್ತವೆ.